ಗದ್ದ ಒದ್ದೆಯಾಗುವವರೆಗೆ

ಅಂದು ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ ಮೂರು ಪಿಂಗಾಣಿ ಬಟ್ಟಲುಗಳನ್ನು ಒರೆಸಿದ್ದು. ತೊಳೆಯಲು ನೀರಿರಲಿಲ್ಲ. ಹಳೆಯ ಪಂಚೆಯ ತುಂಡನ್ನು ಬೆರಳಿಗೆ ಸುತ್ತಿಕೊಂಡು ಬಟ್ಟಲಿನ ಒಳಗೆಲ್ಲ ತಿಕ್ಕಿದೆ. ಅಂಚಿನ ಜಿಡ್ಡು ಹೋಯಿತೇ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಮತ್ತೆ ತಿಕ್ಕಿದೆ. ಆರಿದ ಒಲೆಯ ಮುಂದೆ ನನ್ನ ಸೋದರತ್ತೆ ಅಂಬುಜತ್ತೆ ಕೂತಿದ್ದಳು. ಹಿಂದಿನ ಸಂಜೆ ಕುದಿಸಿ ಆರಿಸಿಟ್ಟಿದ್ದ ನೀರು ಚೊಂಬಿನ ತಳದಲ್ಲಿ ಒಂದಿಷ್ಟು ಉಳಿದಿತ್ತು. ಅದನ್ನು ಬಟ್ಟೆಯ ಮೇಲಿಂದ ಸೋಸಿ, ಹನಿಯೂ ಹೊರಗೆ ಬೀಳದಂತೆ ಮೂರು ಬಟ್ಟಲಿಗೂ ಹಂಚಿದೆ. ಒಂದೊಂದರಲ್ಲೂ ಎರಡು ಬೆರಳು ಆಳ. ಮನೆಯಲ್ಲಿ ಅದಕ್ಕಿಂತ ಹೆಚ್ಚು ನೀರಿರಲಿಲ್ಲ.

ಎರಡು ಬಟ್ಟಲನ್ನು ಬಚ್ಚಲುಮನೆಯಲ್ಲಿಟ್ಟು, ಬಾಗಿಲನ್ನು ಅರ್ಧ ಎಳೆದು ಬಂದೆ. ಸ್ವಲ್ಪ ಹೊತ್ತಿಗೆ ಹೋಗಿ ನೋಡಿದಾಗ ಹುರಳಿ ಮತ್ತು ಜೀರಿಗೆ, ನಮ್ಮ ಎರಡು ಎಳೆಯ ಫೆರೆಟ್‌ಗಳು, ಬಟ್ಟಲನ್ನು ನೆಕ್ಕಿ ಖಾಲಿ ಮಾಡಿ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಬೆರಳ ಹಿಂಬದಿಯಿಂದ ಗದ್ದ ಮುಟ್ಟಿದೆ. ಒದ್ದೆ. ಎರಡರದ್ದೂ ಒದ್ದೆ. ಮೂರನೆಯ ಬಟ್ಟಲು ಸಾಸಿವೆಯದು. ಸಾಸಿವೆ ಮುದುಕಿ, ಏಳು ವರ್ಷದವಳು. ಅವಳು ಇನ್ನೂ ಗೋಣಿಚೀಲದೊಳಗೆ ಗಾಢ ನಿದ್ದೆಯಲ್ಲಿದ್ದಳು. ಎದ್ದ ಮೇಲೆ ಕೊಡೋಣ ಎಂದು ಅವಳ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿಟ್ಟೆ.

ನಮ್ಮೂರಿನಲ್ಲಿ ಫೆರೆಟ್ ಕುಡಿಯದ ನೀರನ್ನು ಮನುಷ್ಯರು ಕುಡಿಯುವುದಿಲ್ಲ. ನಲ್ಲಿ ಬಂದಾಗ ಮೊದಲ ಬಟ್ಟಲು ಅದಕ್ಕೆ. ಅದು ಕುಡಿದ ಮೇಲೆ ಬಿಂದಿಗೆ ಹಿಡಿಯಬೇಕು, ಆಮೇಲೆ ಹಂಡೆ, ಆಮೇಲೆ ನಾವು. ಬಸ್ಸಿಳಿದು ಬರುವ ಹೊಸಬರು ಅದನ್ನು ಕಂಡು ಮುಂಗುಸಿ ಎನ್ನುತ್ತಾರೆ. ಮುಂಗುಸಿಯಲ್ಲ. ಉದ್ದನೆಯ ಮೈ, ಗಿಡ್ಡ ಕಾಲು, ಮುಖದ ಮೇಲೆ ಕಳ್ಳನ ಪಟ್ಟಿಯಂಥ ಕಪ್ಪು, ಮೈಯಿಂದ ಬೇರೆ ಯಾವುದಕ್ಕೂ ಇಲ್ಲದ ಒಂದು ಘಾಟು. ದಿನಕ್ಕೆ ಹದಿನೆಂಟು ಗಂಟೆ ಮಲಗುತ್ತದೆ. ಅದು ಏಳುವವರೆಗೆ ಇಡೀ ಮನೆ ಒಣನಾಲಿಗೆಯಲ್ಲಿ ಕಾಯುವುದುಂಟು. ಮದುವೆಗಳಲ್ಲಿ ಗಂಡಿನ ಕಡೆಯ ಫೆರೆಟ್, ಹೆಣ್ಣಿನ ಕಡೆಯ ಫೆರೆಟ್, ಎರಡೂ ಕುಡಿದ ಮೇಲೆಯೇ ಪಾನಕ. ಬಸ್ ನಿಲ್ದಾಣದ ಎದುರಿನ ರಜಾಕಣ್ಣನ ಟೀ ಅಂಗಡಿಯಲ್ಲಿ ಬಾಯ್ಲರಿನ ಪಕ್ಕ, ಗೋಣಿಯ ಪರದೆಯ ಹಿಂದೆ, ಒಂದು ದಪ್ಪ ಫೆರೆಟ್ ಇರುತ್ತದೆ. ಹೊಸ ನೀರು ಹಾಕಿದಾಗಲೆಲ್ಲ ರಜಾಕಣ್ಣ ಪರದೆಯೊಳಗೆ ಕೈ ತೂರಿಸಿ, ಗದ್ದ ಮುಟ್ಟಿ, "ಒದ್ದೆ!" ಎಂದು ಕೂಗುತ್ತಾನೆ. ಆಮೇಲೆ ಟೀ. ಬೆಳಿಗ್ಗೆ ಎದುರಾದವರನ್ನು ನಾವು ತಿಂಡಿ ಆಯಿತೇ ಎಂದು ಕೇಳುವುದಿಲ್ಲ, ಗದ್ದ ಒದ್ದೆ ಆಯಿತೇ ಎಂದು ಕೇಳುತ್ತೇವೆ.

ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಲೆಕ್ಕ ಬರುತ್ತಿತ್ತು, ಓದು ಬರುತ್ತಿತ್ತು. ಬಾರದಿದ್ದುದು ಒಂದೇ. ಶಾಲೆಯಲ್ಲಿ ಮಧ್ಯಾಹ್ನ ಎಲ್ಲರೂ ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಮುಂದೆ ಬಂದು ಲೋಟ ಎತ್ತಿ ನೀರು ಕುಡಿಯಬೇಕಿತ್ತು. ನನ್ನ ಸರದಿ ಬಂದಾಗ ಅರವತ್ತು ಜೊತೆ ಕಣ್ಣು ನನ್ನ ಗಂಟಲಿನ ಮೇಲಿರುತ್ತಿದ್ದವು. ನೀರು ಬಾಯೊಳಗೇ ನಿಲ್ಲುತ್ತಿತ್ತು, ಇಳಿಯುತ್ತಿರಲಿಲ್ಲ. ಕುಡಿದವಳಂತೆ ನಟಿಸಿ ಲೋಟ ಇಟ್ಟು ಬರುತ್ತಿದ್ದೆ. ಒಂದು ಬೇಸಿಗೆಯಲ್ಲಿ ಹಾಗೇ ತಲೆಸುತ್ತಿ ಬಿದ್ದೆ. ಆಮೇಲೆ ಅತ್ತೆ ಕಳಿಸಲಿಲ್ಲ. ಈಗಲೂ ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ, "ನಮ್ ನೀಲವೇಣಿ ಎಲೆ ಮೇಲಿರೋ ಉಪ್ಪಿನ ಕಾಳು ಎಣಿಸ್ತಾ ಕೂತ್ಕೋತಾಳೆ" ಎಂದು ಅತ್ತೆ ನಗಿಸುತ್ತಾಳೆ. ಊರಿನೊಂದಿಗೆ ನನ್ನ ಪರವಾಗಿ ಮಾತಾಡುವವಳು ಅವಳೇ. ನಾನು ನೋಡುವವಳು. ಅಂಗಡಿಯ ಮುಂದೆ ನಾನು ಅವಳ ಬೆನ್ನ ಹಿಂದೆ ನಿಲ್ಲುತ್ತೇನೆ, ಅವಳು ನನಗೆ ಬೇಕಾದುದನ್ನು ಕೇಳುತ್ತಾಳೆ.

ಆದರೆ ಫೆರೆಟ್‌ಗಳ ವಿಷಯದಲ್ಲಿ ಇಡೀ ಬೀದಿ ನಮ್ಮ ಮನೆಗೆ ಬರುತ್ತದೆ. ಮೂತಿ ಒಣಗಿದರೆ, ಕಿವಿ ಸೋರಿದರೆ, ಬಸಿರಾದರೆ ನನ್ನ ಮಡಿಲಲ್ಲಿ ತಂದು ಹಾಕುತ್ತಾರೆ. ನಾನು ನೋಡಿ ಅತ್ತೆಯ ಕಿವಿಯಲ್ಲಿ ಹೇಳುತ್ತೇನೆ, ಅತ್ತೆ ಅವರಿಗೆ ಗಟ್ಟಿಯಾಗಿ ಹೇಳುತ್ತಾಳೆ.

ಊರಿಗೆ ನೀರು ತರುವ, ಗುಡ್ಡದ ಮೇಲಿನ ದೊಡ್ಡ ಪೈಪು ಒಡೆದ ಮೊದಲ ದಿನ ಯಾರಿಗೂ ಗಾಬರಿಯಾಗಲಿಲ್ಲ. ಸಂಜೆಯೊಳಗೆ ಸರಿಹೋಗುತ್ತದೆ ಎಂದು ಪುರಸಭೆಯ ಆಟೋ ಕೂಗಿಕೊಂಡು ಹೋಯಿತು. ಎರಡನೆಯ ದಿನ ಅದೇ ಆಟೋ ಅದೇ ಮಾತನ್ನು ಕೂಗಿಕೊಂಡು ಬಂತು, ಸಂಜೆ ಎನ್ನುವುದನ್ನು ಮಾತ್ರ ಬಿಟ್ಟುಬಿಟ್ಟಿತ್ತು. ಹಂಡೆಗಳು ಖಾಲಿಯಾದವು. ಕೋಟೆಯ ಹಿಂದಿನ ಬಾವಿಯಿಂದ ಕೆಲವರು ನೀರು ಸೇದಿ ತಂದರು. ಫೆರೆಟ್‌ಗಳು ಮೂಸಿ ನೋಡಿ, ಬಟ್ಟಲನ್ನು ಮುಂಗಾಲಿನಿಂದ ಮಗುಚಿ ಹಾಕಿದವು. ಆ ಬಾವಿಯ ಕಥೆ ಅಲ್ಲಿಗೇ ಮುಗಿಯಿತು.

ನಮ್ಮೂರಿನವರು ತಮ್ಮ ಬಾಯಾರಿಕೆ ತಡೆಯಬಲ್ಲರು, ಮನೆಯ ಫೆರೆಟ್ ಬಾಯಾರಿ ಕೂತರೆ ತಡೆಯಲಾರರು. ಒಬ್ಬರು ಹಾಲು ಕುಡಿಸಿದರು. ಇನ್ನೊಬ್ಬರು ಎಳನೀರು ಕುಡಿಸಿದರು. ಮತ್ತೊಬ್ಬರು ಪೇಟೆಗೆ ಓಡಿಹೋಗಿ ಕಬ್ಬಿನ ಹಾಲು ತಂದರು. ಹಾಲು ಕುಡಿದ ಫೆರೆಟ್‌ಗೆ ಹೊಟ್ಟೆ ಕೆಡುತ್ತದೆ, ಮೈಯಲ್ಲಿದ್ದ ನೀರೂ ಹೊರಟುಹೋಗುತ್ತದೆ, ಅದು ಇನ್ನಷ್ಟು ಬಾಯಾರುತ್ತದೆ. ಅದನ್ನು ಕಂಡು ಮನೆಯವರು ಇನ್ನಷ್ಟು ಹಾಲು ಕುಡಿಸುತ್ತಾರೆ! ಎರಡನೆಯ ದಿನ ನಾನು ಇದ್ದಲು ತೆಗೆದುಕೊಂಡು ನಮ್ಮ ಹೊರಗೋಡೆಯ ಮೇಲೆ ದೊಡ್ಡದಾಗಿ ಬರೆದೆ. ಹಾಲು ಬೇಡ. ಎಳನೀರು ಬೇಡ. ಕುದಿಸಿ ಆರಿಸಿದ ನೀರು ಮಾತ್ರ. ಬಟ್ಟಲು ಭಾರದ್ದಿರಲಿ. ಬರೆದು ಒಳಗೆ ಓಡಿಬಂದು ಬಾಗಿಲ ಸಂದಿಯಿಂದ ನೋಡಿದೆ. ಜನ ನಿಂತು ಓದುತ್ತಿದ್ದರು. ನಾನು ಹೇಳಿದ್ದನ್ನು ಅಷ್ಟು ಜನ ಒಟ್ಟಿಗೆ ಕೇಳಿದ್ದು ಅದೇ ಮೊದಲು.

ಆದರೆ ಓದಿದವರೆಲ್ಲ ಕೇಳಲಿಲ್ಲ. ಮೂರನೆಯ ದಿನ, ಬಟ್ಟಲು ಒರೆಸಿಟ್ಟು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ, ಪಕ್ಕದ ಮನೆಯ ದೇವೀರಮ್ಮ ಬಾಗಿಲು ಬಡಿದಳು.

"ನೀಲಾ, ಬಾಗ್ಲು ತೆಗಿಯೇ! ನಮ್ ಚಿನ್ನಾರಿ ತಲೇನೇ ಎತ್ತಲ್ಲ ಕಣೇ!"

ಸೆರಗಿನೊಳಗೆ ಸುತ್ತಿಕೊಂಡಿದ್ದ ಫೆರೆಟನ್ನು ನನ್ನ ಮಡಿಲಿಗೆ ಹಾಕಿದಳು. ಅದು ಹಿಂಡಿದ ಬಟ್ಟೆಯಂತೆ ಬಿದ್ದುಕೊಂಡಿತು.

"ಏನ್ ಕುಡಿಸ್ದೆ?" ಎಂದಳು ಅತ್ತೆ. ಎರಡು ದಿನದಿಂದ ತನ್ನ ಪಾಲಿನ ನೀರನ್ನೂ ಫೆರೆಟ್‌ಗಳ ಪಾತ್ರೆಗೇ ಸುರಿಯುತ್ತಿದ್ದ ಅವಳ ಗಂಟಲು ಮುರುಕು ಬಾಗಿಲಿನಂತೆ ಕಿರುಗುಟ್ಟಿತು.

"ಹಾಲು... ನಮ್ ಹಸೂದೇ ಹಾಲು. ಒಂಚೂರು ಸಕ್ಕರೆ ಹಾಕಿ..."

"ಗೋಡೆ ಮೇಲೆ ಹುಡ್ಗಿ ಅಷ್ಟು ದಪ್ಪ ಅಕ್ಷರದಲ್ಲಿ ಬರ್ದಿದಾಳಲ್ಲ, ನಿಂಗೆ ಕಣ್ಣಿಲ್ವೇನೆ?"

"ಓದ್ದೆ ಅಂಬುಜಕ್ಕ. ಓದ್ಬುಟ್ಟೇ ಕೊಟ್ಟೆ. ಅದು ನನ್ ಮುಖಾನೇ ನೋಡ್ತಾ ಕೂತಿತ್ತು, ನಾನೇನ್ ಕಲ್ಲಾ?"

ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಕೊಡುತ್ತಿರಲಿಲ್ಲವೇನೋ. ಮುಚ್ಚಿಟ್ಟಿದ್ದ ಮೂರನೆಯ ಬಟ್ಟಲನ್ನು ತಂದೆ. ದೇವೀರಮ್ಮನ ಸೆರಗನ್ನು ಚಿನ್ನಾರಿಯ ತಲೆಯ ಮೇಲೆ ಗುಡಾರದಂತೆ ಹೊದಿಸಿ, ಬಟ್ಟಲನ್ನು ಒಳಗೆ ತಳ್ಳಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಸಣ್ಣ ಸದ್ದು. ಚಪ್. ಚಪ್ ಚಪ್. ದೇವೀರಮ್ಮ ಅಳಲು ಶುರುಮಾಡಿದಳು. "ಅಳ್ಬೇಡ ಕಣೆ, ಇರೋ ನೀರು ಕಣ್ಣಲ್ಲಿ ಹೋಗುತ್ತೆ" ಎಂದಳು ಅತ್ತೆ.

ಚಿನ್ನಾರಿ ಬಟ್ಟಲು ಖಾಲಿ ಮಾಡಿತು. ಅವರು ಹೋದ ಮೇಲೆ ಗೋಣಿಚೀಲ ಅಲುಗಾಡಿತು. ಸಾಸಿವೆ ಎದ್ದಳು. ನೆಟ್ಟಗೆ ತನ್ನ ಬಟ್ಟಲಿನ ಬಳಿ ಹೋದಳು. ಒಳಗೆ ಮೂತಿ ಹಾಕಿದಳು. ತಲೆ ಎತ್ತಿ ನನ್ನನ್ನು ನೋಡಿದಳು.

ಅವಳನ್ನು ಎತ್ತಿಕೊಂಡೆ. ಕತ್ತಿನ ಹಿಂದಿನ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಟ್ಟೆ. ಮೈಯಲ್ಲಿ ನೀರಿದ್ದರೆ ಅದು ತಟ್ಟನೆ ಕೂರಬೇಕು. ಕೂರಲಿಲ್ಲ. ಬಟ್ಟೆಯ ಮಡಿಕೆಯಂತೆ ನಿಂತಿತು, ಆಮೇಲೆ ನಿಧಾನವಾಗಿ ಇಳಿಯಿತು. ಅವಳು ಕೊನೆಯ ಸಲ ಕುಡಿದದ್ದು ಹಿಂದಿನ ದಿನ ಮಧ್ಯಾಹ್ನ. ಮುದುಕಿ. ಇವತ್ತು ಕತ್ತಲಾಗುವುದರೊಳಗೆ ನೀರು ಸಿಗದಿದ್ದರೆ ಅವಳು ಉಳಿಯುವುದಿಲ್ಲ ಎಂದು ನನಗೆ ಗೊತ್ತಾಯಿತು. ಅತ್ತೆಗೆ ಹೇಳಬೇಕಾಗಲಿಲ್ಲ. ಅವಳು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು.

ಆಗ ಕೇಳಿತು ಹಾರ್ನ್!

ಉದ್ದನೆಯ, ಎಮ್ಮೆ ಕೂಗಿದಂಥ ಹಾರ್ನ್. ಹಿಂದೆಯೇ ಪುರಸಭೆಯ ಆಟೋ. "ಟ್ಯಾಂಕರ್ ಬಂದಿದೆ! ಕೆಳಗಿನ ಊರಿಂದ ಟ್ಯಾಂಕರ್ ಬಂದಿದೆ! ಎಲ್ರೂ ಬಸ್ ನಿಲ್ದಾಣಕ್ಕೆ ಬನ್ನಿ!" ಬೀದಿಯ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಬಿಂದಿಗೆ, ಬಕೆಟ್ಟು, ಡ್ರಮ್ಮು, ಇಡ್ಲಿ ಪಾತ್ರೆ, ಮಗುವಿನ ಸ್ನಾನದ ಟಬ್ಬು, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡು ಜನ ಓಡಿದರು. ನಾನು ಸಾಸಿವೆಯನ್ನು ದುಪಟ್ಟಾದೊಳಗೆ ಕಟ್ಟಿಕೊಂಡು, ಅವಳ ಬಟ್ಟಲನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಿದೆ. ನಾನು ಬೀದಿಯಲ್ಲಿ ಓಡಿದ್ದನ್ನು ಅದಕ್ಕೂ ಮೊದಲು ಯಾರೂ ಕಂಡಿರಲಿಲ್ಲ. ಹಿಂದೆ ಅತ್ತೆ ಏದುಸಿರು ಬಿಡುತ್ತ ಬರುತ್ತಿದ್ದಳು.

ನಿಲ್ದಾಣದ ಬಯಲಿನ ನಡುವೆ ಹಸಿರು ಟ್ಯಾಂಕರ್ ನಿಂತಿತ್ತು. ಹೊಟ್ಟೆಯಿಂದ ಹನಿಹನಿಯಾಗಿ ನೀರು ತೊಟ್ಟಿಕ್ಕುತ್ತಿತ್ತು. ಆ ಹನಿ ಮಣ್ಣಿಗೆ ಬಿದ್ದಾಗಲೆಲ್ಲ ಇಡೀ ಊರಿನ ಕಣ್ಣು ಅದರೊಂದಿಗೆ ಕೆಳಗಿಳಿಯುತ್ತಿತ್ತು. ಆದರೆ ಒಬ್ಬರೂ ಬಿಂದಿಗೆ ಒಡ್ಡಲಿಲ್ಲ.

ದಪ್ಪ ಮೀಸೆಯ ಡ್ರೈವರಣ್ಣನಿಗೆ ಅರ್ಥವಾಗಲಿಲ್ಲ. "ಹಿಡ್ಕೊಳ್ರಮ್ಮ! ಏನ್ ನೋಡ್ತಾ ನಿಂತಿದೀರ? ಎರಡು ಗಂಟೆಗೆ ನಾನ್ ಹೊರಡ್ಬೇಕು. ಇನ್ನೊಂದೂರು ಕಾಯ್ತಾ ಇದೆ."

"ಮೊದ್ಲು ಫೆರೆಟ್ಟು ಕುಡೀಬೇಕು" ಎಂದರು ಪುರಸಭೆಯ ಅಧ್ಯಕ್ಷೆ ವಿಶಾಲಾಕ್ಷಮ್ಮ. ಅವರು ಮೂರು ದಿನದಿಂದ ನಿದ್ದೆ ಮಾಡಿರಲಿಲ್ಲ. ಆದರೂ ಸೀರೆಯ ನೆರಿಗೆ ಹೇಗಿರಬೇಕೋ ಹಾಗಿತ್ತು.

"ತುಂಬ್ಕೊಂಡು ಆಮೇಲೆ ಕುಡಿಸ್ಕೊಳ್ರಿ, ನಂಗೇನು?"

"ಕುಡೀದೇ ಇರೋ ನೀರು ನಮ್ ಬಿಂದಿಗೆಗೆ ಬರಲ್ಲ ಸ್ವಾಮಿ."

ಡ್ರೈವರಣ್ಣ ತಲೆ ಚಚ್ಚಿಕೊಂಡ. ತನ್ನ ಮಗ್ಗನ್ನು ನಲ್ಲಿಗೆ ಹಿಡಿದು, ಗಟಗಟನೆ ಕುಡಿದು, ಮುಖ ಮುಂದೆ ಚಾಚಿದ. "ನೋಡಿ! ನನ್ ಗದ್ದಾನೂ ಒದ್ದೆ ಆಯ್ತಲ್ಲ! ಮುಟ್ಟಿ ನೋಡಿ!"

"ನಿಮ್ಗೆ ಬಾಲ ಇಲ್ವಲ್ಲಣ್ಣ" ಎಂದಳು ದೇವೀರಮ್ಮ. ಒಣಗಿದ ತುಟಿಗಳು ಬಿರಿಯುವಂತೆ ಜನ ನಕ್ಕರು.

ಊರಿಗೆಲ್ಲ ಸೇರಿದ ನೀರಾದರೆ ಹೊಟ್ಟೆ ಕೆಡದ, ಬೆಳೆದ ಒಂದು ಫೆರೆಟ್ ಕುಡಿದರೆ ಸಾಕು. ಅದು ಹಿಂದಿನಿಂದ ಬಂದ ಪದ್ಧತಿ. ಆದರೆ ಯಾವುದು? ರಜಾಕಣ್ಣನ ದಪ್ಪ ಫೆರೆಟ್ ಎಳನೀರಿನ ಹೊಡೆತಕ್ಕೆ ಸಿಕ್ಕಿ ಮೇಜಿನ ಕೆಳಗೆ ಮಲಗಿತ್ತು. ಶಾಲೆಯದು ಕಬ್ಬಿನ ಹಾಲಿನಲ್ಲಿ ಕೆಟ್ಟಿತ್ತು. ಜನ ತಂದಿದ್ದವುಗಳನ್ನು ಒಂದೊಂದಾಗಿ ನೋಡಿದರೆ ಎಲ್ಲದರ ಬಾಲವೂ ಕೊಳೆ. ಹೊಟ್ಟೆ ಕೆಟ್ಟದ್ದು ಕುಡಿದರೂ ಲೆಕ್ಕಕ್ಕಿಲ್ಲ. ಎಳೆಯವನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ವಿಶಾಲಾಕ್ಷಮ್ಮ ಗುಂಪನ್ನೆಲ್ಲ ನೋಡುತ್ತ ಬಂದು ನನ್ನ ಮುಂದೆ ನಿಂತರು. ದುಪಟ್ಟಾದಿಂದ ಹೊರಗೆ ಇಣುಕಿದ್ದ ಸಾಸಿವೆಯ ಮೂತಿಯನ್ನು ನೋಡಿದರು.

"ಇದಕ್ಕೆ ಏನೂ ಆಗಿಲ್ಲ ತಾನೇ?"

ಹೊಟ್ಟೆ ಕೆಟ್ಟಿಲ್ಲವೆಂದು ನಾನು ತಲೆಯಾಡಿಸಿದೆ.

"ಬಾ ಮಗಳೇ, ಮುಂದೆ ಬಾ. ಎಲ್ರೂ ಸುತ್ತ ನಿಂತ್ಕೊಳ್ಳಿ. ನಾಳೆ ಯಾರೂ ನಾನು ನೋಡ್ಲಿಲ್ಲ, ನಾನು ಕುಡಿಯಲ್ಲ ಅನ್ಬಾರ್ದು. ಎಲ್ರ ಕಣ್ಣೆದುರಿಗೇ ಆಗ್ಲಿ."

ಎಲ್ಲರೂ ಸುತ್ತ ನಿಂತರು. ನಡುವೆ ನಾನು, ಸಾಸಿವೆ, ಒಂದು ಬಟ್ಟಲು. ಪುರಸಭೆಯ ಗಡಿಯಾರ ಒಂದು ಗಂಟೆ ಹೊಡೆಯಿತು. ನನಗೆ ಹೆದರಿಕೆಯಿತ್ತು. ಆದರೆ ಹೆದರಿಕೆಯೊಂದೇ ಅಲ್ಲ. ಇನ್ನೇನು ಕುಡಿಯುತ್ತಾಳೆ, ಇನ್ನೇನು ಬದುಕುತ್ತಾಳೆ ಎಂಬ ಹುಚ್ಚು ಸಂಭ್ರಮವೂ ಒಳಗೆ ಕುಣಿಯುತ್ತಿತ್ತು. ನೀರು ಅಷ್ಟು ಹತ್ತಿರವಿತ್ತು!

ಟ್ಯಾಂಕರಿನ ನೀರನ್ನು ಬಟ್ಟಲಿಗೆ ಬಿಟ್ಟರು. ಸಾಸಿವೆಯನ್ನು ಇಳಿಸಿದೆ. ಅವಳು ತೂರಾಡುತ್ತ ಹೋಗಿ ಮೂತಿ ಇಳಿಸಿದವಳು ಸೀನಿ ಹಿಂದಕ್ಕೆ ಹಾರಿದಳು. ನಾನೂ ಬಗ್ಗಿ ಮೂಸಿದೆ. ಬ್ಲೀಚಿಂಗ್ ಪೌಡರ್. ನನಗೇ ಮೂಗು ಉರಿಯಿತು. ಗುಂಪಿನಲ್ಲಿ ಒಂದು ಉಸಿರು ಎಳೆದ ಸದ್ದು. ಕೆಲವರು ಬಿಂದಿಗೆಗಳನ್ನು ಹಿಂದಕ್ಕೆ ಎಳೆದುಕೊಂಡರು.

ನಾನು ಓಡಿಹೋಗಿ ಅತ್ತೆಯ ಕಿವಿಯಲ್ಲಿ ಹೇಳಿದೆ. ಅತ್ತೆ ಗಂಟಲನ್ನೆಲ್ಲ ಒಟ್ಟುಮಾಡಿಕೊಂಡು ಗೊಗ್ಗರು ದನಿಯಲ್ಲಿ ಕೂಗಿದಳು. "ನೀರು ಕೆಟ್ಟಿಲ್ಲ. ಔಷಧಿ ಜಾಸ್ತಿ ಬಿದ್ದಿದೆ. ಕುದಿಸಿ, ಗಾಳಿ ಆಡಿಸಿ ಕೊಡ್ಬೇಕಂತೆ. ರಜಾಕಾ, ಒಲೆ ಹಚ್ಚೋ!" ಅಷ್ಟಕ್ಕೇ ಅವಳ ದನಿ ಮುಗಿದುಹೋಯಿತು. ಆಮೇಲೆ ಬಾಯಿ ಆಡಿತೇ ಹೊರತು ಸದ್ದು ಬರಲಿಲ್ಲ.

ರಜಾಕಣ್ಣನ ಕೈಗೆ ಅವತ್ತು ರೆಕ್ಕೆ ಬಂದಿತ್ತು. ಅರ್ಧ ಬಕೆಟ್ ನೀರನ್ನು ಪಾತ್ರೆಗೆ ಸುರಿದು ಉರಿ ಹೆಚ್ಚಿಸಿದ. ಕುದಿಯಿತು. ಕೊತಕೊತ ಕುದಿಯುವಾಗ ಘಾಟು ಮೇಲೆದ್ದು ಮುಂದೆ ನಿಂತವರು ಕಣ್ಣು ಉಜ್ಜಿಕೊಂಡರು. ಆಮೇಲೆ ಆ ನೀರನ್ನು ಟೀ ಆರಿಸುವ ಎರಡು ದೊಡ್ಡ ಪಾತ್ರೆಗಳಿಗೆ ಹಾಕಿ, ಒಂದು ಕೈ ಆಕಾಶಕ್ಕೆ, ಒಂದು ಕೈ ಮೊಣಕಾಲಿಗೆ, ಹೊಯ್ಯತೊಡಗಿದ. ಅಬ್ಬಾ! ಹಾಗೆ ನೀರು ಹಾರಿದ್ದನ್ನು ನಾನು ಕಂಡಿಲ್ಲ. ಬಿಸಿಲಿನಲ್ಲಿ ಗಾಜಿನ ಹಗ್ಗದಂತೆ ಉದ್ದವಾಗಿ, ಒಂದು ಹನಿ ಚೆಲ್ಲದೆ, ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ. ಇಡೀ ಊರು ತಲೆ ಎತ್ತಿತು, ತಲೆ ಇಳಿಸಿತು, ತಲೆ ಎತ್ತಿತು. ಡ್ರೈವರಣ್ಣನೂ ಸಿಟ್ಟು ಮರೆತು ಬಾಯಿ ತೆರೆದು ನಿಂತ. "ಇಪ್ಪತ್ ವರ್ಷ ಟೀ ಹೊಯ್ದಿದ್ದು ಇವತ್ತಿಗೇ ಇರ್ಬೇಕು ಕಣಮ್ಮ" ಎಂದ ರಜಾಕಣ್ಣ, ಬೆವರುತ್ತ, ನಗುತ್ತ.

ಬೆರಳು ಅದ್ದಿ ನೋಡಿದೆ. ಆರಿತ್ತು. ಮೂಸಿದೆ. ಬರೀ ನೀರು. ಬಟ್ಟಲನ್ನು ಚೆನ್ನಾಗಿ ಒರೆಸಿ ಅದಕ್ಕೆ ಸುರಿದೆ. ಗಡಿಯಾರದಲ್ಲಿ ಒಂದೂ ಮುಕ್ಕಾಲು.

ಸಾಸಿವೆಯನ್ನು ಮತ್ತೆ ಇಳಿಸಿದೆ. ಅವಳು ಬಟ್ಟಲಿನ ಬಳಿ ಹೋದಳು. ಮೂಸಿದಳು. ಈ ಸಲ ಸೀನಲಿಲ್ಲ. ಮೂತಿ ನೀರಿಗೆ ಕೂದಲೆಳೆಯಷ್ಟು ಹತ್ತಿರ ಹೋಯಿತು. ಜನ ಒಂದು ಹೆಜ್ಜೆ ಮುಂದೆ ಬಂದರು. ಅವಳು ನಿಂತಳು. ಎಡಕ್ಕೆ ನೋಡಿದಳು. ಬಲಕ್ಕೆ ನೋಡಿದಳು. ಹಿಂದಕ್ಕೆ ತಿರುಗಿ ನೋಡಿದಳು. ಆಮೇಲೆ ಬಟ್ಟಲನ್ನು ಬಿಟ್ಟು ಬಂದು ನನ್ನ ಪಾದಗಳ ನಡುವೆ ಮುಖ ಹುದುಗಿಸಿದಳು.

"ಕುಡಿಯಲ್ಲ ಅಂತಿದೆ!" ಯಾರೋ ಕೂಗಿದರು. "ನೀರಲ್ಲಿ ಏನೋ ಇದೆ!" "ಹತ್ರ ಹೋಗಿ ನೋಡ್ರೋ!" ವರ್ತುಲ ಇನ್ನೂ ಬಿಗಿಯಾಯಿತು. ಡ್ರೈವರಣ್ಣ ಕ್ಯಾಬಿನ್ ಹತ್ತಿ ಬಾಗಿಲು ಹಾಕಿಕೊಂಡ. ಇಂಜಿನ್ ಗುರ್ ಎಂದಿತು. ವಿಶಾಲಾಕ್ಷಮ್ಮ ಹಣೆಗೆ ಕೈ ಹಚ್ಚಿದರು.

ನಾನು ಸಾಸಿವೆಯನ್ನು ನೋಡುತ್ತಲೇ ಇದ್ದೆ. ಎಡಕ್ಕೆ, ಬಲಕ್ಕೆ, ಹಿಂದಕ್ಕೆ. ಬಚ್ಚಲುಮನೆಯ ಬಾಗಿಲಿನ ಕೀಲಿನ ಸಂದಿಯಿಂದ ಎಷ್ಟೋ ಸಲ ಅದನ್ನು ಕದ್ದು ನೋಡಿದ್ದೇನೆ. ಕುಡಿಯುವ ಮೊದಲು ಅವಳು ಮೂರು ಕಡೆ ನೋಡುತ್ತಾಳೆ. ಯಾರೂ ಇಲ್ಲದಿದ್ದರೆ ಮಾತ್ರ ಮೂತಿ ಇಳಿಸುತ್ತಾಳೆ. ಚಿನ್ನಾರಿ ಕುಡಿದದ್ದು ಸೆರಗಿನೊಳಗೆ. ರಜಾಕಣ್ಣನದು ಕುಡಿಯುವುದು ಪರದೆಯ ಹಿಂದೆ. ಈ ಊರಿನಲ್ಲಿ ಎಲ್ಲರೂ ಒದ್ದೆ ಗದ್ದ ಮುಟ್ಟಿದವರೇ. ಫೆರೆಟ್ ಕುಡಿಯುವುದನ್ನು ಎದುರಿಗೆ ನಿಂತು ನೋಡಿದವರು ಒಬ್ಬರೂ ಇಲ್ಲ. ಬಟ್ಟಲಿಟ್ಟು ಬೇರೆ ಕೆಲಸಕ್ಕೆ ಹೋಗುತ್ತೇವೆ, ಅಷ್ಟೇ. ಇವತ್ತು ನಾವೆಲ್ಲ ಸೇರಿ ಒಂದು ಮುದುಕಿಯನ್ನು ನಡುಬಯಲಿನಲ್ಲಿ ನಿಲ್ಲಿಸಿ, ಕುಡಿ ನೋಡೋಣ ಎನ್ನುತ್ತಿದ್ದೇವೆ! ಅರವತ್ತು ಜೊತೆಯಲ್ಲ, ಸಾವಿರ ಜೊತೆ ಕಣ್ಣು. ನನ್ನ ಗಂಟಲಿನಲ್ಲಿ ಹಳೆಯ ನೀರು ಬಂದು ನಿಂತ ಹಾಗಾಯಿತು. ನನಗೆ ಗೊತ್ತಾಗಿಹೋಯಿತು! ಕೂಗಿಬಿಡುವಷ್ಟು ಖುಷಿಯಾಯಿತು, ಆದರೆ ಕೂಗುವುದು ಹೇಗೆಂದು ಗೊತ್ತಿರಲಿಲ್ಲ.

ಅತ್ತೆಯ ಕಿವಿಗೆ ಬಾಗಿದೆ. ಅವಳು ಕೇಳಿದಳು. ಅವಳ ಕಣ್ಣು ಅಗಲವಾಯಿತು. ಬಾಯಿ ತೆರೆದಳು. ಬಂದದ್ದು ಗಾಳಿ ಮಾತ್ರ. ಗಂಟಲನ್ನು ತೋರಿಸಿ ತಲೆಯಾಡಿಸಿದಳು. ಆಮೇಲೆ ನನ್ನ ಎರಡೂ ಭುಜ ಹಿಡಿದು, ಜನರ ಕಡೆಗೆ ತಿರುಗಿಸಿ, ಬೆನ್ನಿಗೊಂದು ಗುದ್ದು ಕೊಟ್ಟಳು.

"ಆ ಕಡೆ ತಿರುಗಿ" ಎಂದೆ.

ನನಗೇ ಕೇಳಿಸಲಿಲ್ಲ. ಇಂಜಿನ್ ಸದ್ದು, ಜನರ ಸದ್ದು, ಬಿಂದಿಗೆಗಳ ಸದ್ದು. ನಾನು ರಜಾಕಣ್ಣನ ಸ್ಟೂಲಿನ ಮೇಲಿದ್ದ ಖಾಲಿ ಪಾತ್ರೆಯನ್ನು ಎತ್ತಿ, ಸೌಟಿನಿಂದ ಬಡಿದೆ. ಢಣ್! ಸಾವಿರ ಮುಖಗಳು ನನ್ನ ಕಡೆಗೆ ತಿರುಗಿದವು. ಕಿವಿಯವರೆಗೆ ಬಿಸಿಯಾಯಿತು.

"ಅವಳು ಕುಡೀತಾಳೆ" ಎಂದೆ. "ನೀರು ಚೆನ್ನಾಗಿದೆ. ಕುಡೀತಾಳೆ. ಯಾರಾದ್ರೂ ನೋಡ್ತಾ ಇದ್ರೆ ಅವಳ್ಗೆ ಕುಡಿಯಕ್ಕಾಗಲ್ಲ. ಯಾರ್ಗೂ ಆಗಲ್ಲ... ಯಾವ ಫೆರೆಟ್ಟಿಗೂ ಆಗಲ್ಲ. ಎಲ್ರೂ ಬೆನ್ ತಿರುಗಿಸಿ. ಡ್ರೈವರಣ್ಣ, ಗಾಡಿ ಆಫ್ ಮಾಡಿ. ಐದೇ ನಿಮಿಷ."

"ನೋಡ್ದೇ ಹೋದ್ರೆ ಕುಡೀತೋ ಇಲ್ವೋ ಅಂತ ಹೆಂಗೆ ಗೊತ್ತಾಗುತ್ತೆ?" ಹಿಂದಿನಿಂದ ಯಾರೋ ಕೇಳಿದರು.

"ಗದ್ದ ಮುಟ್ಟಿ" ಎಂದೆ. "ದಿನಾ ಹೆಂಗೆ ಗೊತ್ತಾಗುತ್ತೆ?"

ಮೊದಲು ತಿರುಗಿದ್ದು ದೇವೀರಮ್ಮ. ಚಿನ್ನಾರಿಯನ್ನು ಎದೆಗೊತ್ತಿಕೊಂಡು, ಪಕ್ಕದವನ ಭುಜವನ್ನೂ ಹಿಡಿದು ತಿರುಗಿಸಿದಳು. "ತಿರುಗೋ, ಮಗೂ ಹೇಳ್ತಿಲ್ವಾ!" ಆಮೇಲೆ ವಿಶಾಲಾಕ್ಷಮ್ಮ. ಆಮೇಲೆ ರಜಾಕಣ್ಣ. ಆಮೇಲೆ ಸಾಲುಸಾಲಾಗಿ, ಗಾಳಿಗೆ ಪೈರು ಬಾಗಿದ ಹಾಗೆ ಇಡೀ ಊರು ತಿರುಗಿತು. ಇಂಜಿನ್ ನಿಂತಿತು. ಡ್ರೈವರಣ್ಣ ಕ್ಯಾಬಿನ್ನಿನಲ್ಲೇ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಎಲ್ಲಿ ನೋಡಿದರೂ ಬೆನ್ನುಗಳು. ಬೆವರಿದ ರವಿಕೆಗಳು, ಜಡೆಗಳು, ಬೋಳು ತಲೆಗಳು, ಬೆನ್ನಿಗೆ ಕಟ್ಟಿದ ಕೂಸುಗಳು. ಕೂಸುಗಳ ಕಣ್ಣುಗಳನ್ನು ಯಾರ ಯಾರದೋ ಕೈಗಳು ಮುಚ್ಚಿದ್ದವು.

ಸಾಸಿವೆಯನ್ನು ಬಟ್ಟಲಿನ ಪಕ್ಕದಲ್ಲಿಟ್ಟು ನಾನೂ ಬೆನ್ನು ತಿರುಗಿಸಿದೆ. ಕಣ್ಣು ಮುಚ್ಚಿದೆ. ಟ್ಯಾಂಕರಿನ ಹನಿ ಮಣ್ಣಿಗೆ ಬೀಳುವುದು ಕೇಳುತ್ತಿತ್ತು. ಹತ್ತು ಎಣಿಸಿದೆ. ಇಪ್ಪತ್ತು. ಮೂವತ್ತು. ಬೇಗ, ಸಾಸಿವೆ. ನಲವತ್ತು.

ಚಪ್.

ಸಾವಿರ ಬೆನ್ನುಗಳು ಒಟ್ಟಿಗೆ ಸೆಟೆದವು. ಯಾರೂ ತಿರುಗಲಿಲ್ಲ!

ಚಪ್ ಚಪ್. ಚಪ್ ಚಪ್ ಚಪ್ ಚಪ್. ನಿಲ್ಲಲೇ ಇಲ್ಲ. ನನ್ನ ಕಣ್ಣಿನಿಂದ ನೀರು ಇಳಿಯಿತು, ನಾನು ಒರೆಸಿಕೊಳ್ಳಲಿಲ್ಲ. ಮುದುಕಿ ಕುಡಿಯುತ್ತಿದ್ದಳು, ಇಡೀ ದಿನದ್ದನ್ನು ಒಟ್ಟಿಗೆ ಕುಡಿಯುತ್ತಿದ್ದಳು. ಮಧ್ಯೆ ಒಮ್ಮೆ ನಿಲ್ಲಿಸಿ, ಗುಕ್ ಗುಕ್ ಎಂದು ಸಂತೋಷದ ಸದ್ದು ಮಾಡಿ, ಮತ್ತೆ ಕುಡಿದಳು. ಬಟ್ಟಲನ್ನು ನೆಕ್ಕುವ ಸದ್ದು ಬಂದ ಮೇಲೆ ತಿರುಗಿ, ಬಗ್ಗಿ, ಬೆರಳ ಹಿಂಬದಿಯಿಂದ ಅವಳ ಗದ್ದ ಮುಟ್ಟಿದೆ.

ಒದ್ದೆ. ಗದ್ದ, ಕತ್ತು, ಎದೆ, ಎಲ್ಲ ಒದ್ದೆ.

ಕೂಗಬೇಕಿತ್ತು. ಒಂದೇ ಶಬ್ದ. ಕೂಗಿದರೆ ಸಾಕು, ಬಿಂದಿಗೆಗಳು ನುಗ್ಗುತ್ತಿದ್ದವು. ಬಾಯಿ ತೆರೆದೆ. ಆಗ ಪಾತ್ರೆಯಲ್ಲಿ ಉಳಿದಿದ್ದ ನೀರು ಕಂಡಿತು. ರಜಾಕಣ್ಣ ಹೊಯ್ದು ಆರಿಸಿದ ನೀರು. ಪಕ್ಕದಲ್ಲಿ ಒಂದು ಲೋಟ. ನಾನು ಹಿಂದಿನ ದಿನ ಬೆಳಿಗ್ಗೆಯಿಂದ ಏನೂ ಕುಡಿದಿರಲಿಲ್ಲ. ಅದು ಆಗ ನೆನಪಾಯಿತು. ಊರಿನ ನಡುಬಯಲಿನಲ್ಲಿ ನಿಂತಿದ್ದೆ, ಸುತ್ತಲೂ ಇಡೀ ಊರಿತ್ತು, ಒಂದು ಕಣ್ಣೂ ನನ್ನ ಮೇಲಿರಲಿಲ್ಲ. ಲೋಟ ತುಂಬಿಕೊಂಡೆ. ನೀರು ತುಳುಕಿ ಮೊಣಕೈವರೆಗೆ ಇಳಿಯಿತು, ಎಷ್ಟು ತಣ್ಣಗಿತ್ತು! ಲೋಟವನ್ನು ತುಟಿಯ ಹತ್ತಿರ ತಂದೆ.

"ಇನ್ನೊಂದ್ ಸ್ವಲ್ಪ ಹೊತ್ತು" ಎಂದೆ, "ಯಾರೂ ಈ ಕಡೆ ತಿರುಗ್ಬೇಡಿ."

ಬೆನ್ನುಗಳು ಹಾಗೇ ನಿಂತವು. ನೀರು ಗಂಟಲಿನಲ್ಲಿ ಇಳಿಯಿತು.